ಟಗರು ನೋಡಿದಂಗ ಸಾಗವಾನಿ ನೋಡಬ್ಯಾಡ್ರಿ

ಚಿಮ್ಮಡದ ಕುರಿಗಾರ ಅಮಸಿದ್ದಪ್ಪ ಟಗರಿನ ಬೆನ್ನು ಒತ್ತಿದರೆ ಸಾಕು, ತೂಕ ಹೇಳಿಬಿಡುತ್ತಿದ್ದ. ಟಗರೂ ತಲೆ ಆಡಿಸಿ ಒಪ್ಪುತ್ತಿತ್ತು. ಒಮ್ಮೆ ತೇರದಾಳದ ಬಸ್ಸಿನಲ್ಲಿ ಕಂಡಕ್ಟರನ ಬೆನ್ನು ಒತ್ತಿ ತೂಕ ಹೇಳಿದ. ಆ ಮನುಷ್ಯ ಅಂದಿನಿಂದ ರಾತ್ರಿ ರೊಟ್ಟಿ ಬಿಟ್ಟಿದ್ದಾನೆ.

ಅದೇ ಧೈರ್ಯದಲ್ಲಿ ಅಮಸಿದ್ದಪ್ಪ ತನ್ನ ಹೊಲದ ಬದುವಿನ ಹನ್ನೆರಡು ಸಾಗವಾನಿ ಮರಗಳನ್ನೂ ಒತ್ತಿ ನೋಡಿದ.

"ಬಡಕಲಾ ಅದಾವು," ಎಂದ ಹೆಂಡತಿ ಪದ್ಮವ್ವನಿಗೆ. "ಕಟ್ಟಿಗಿ ಯಾಪಾರಿ ಶಂಕರೆಪ್ಪ ಎಲ್ಲಾ ಗಿಡಾ ಒಯ್ದು, ನಮ್ಮ ಹೊಸಾ ಮನಿಗೆ ಒಂದು ಚೌಕಟ್ಟು, ಬಾಗಿಲಾ ಮಾಡಿಕೊಡ್ತಾನಂತ. ನಾಳೆ ಗರಗಸ ತರ್ತಾನ."

ಆ ಸಸಿಗಳಿಗೆ ಕೊಡ ಹೊತ್ತು ನೀರು ಹಾಕಿದವಳು ಪದ್ಮವ್ವ. "ಹನ್ನೆರಡು ಗಿಡಕ್ಕ ಒಂದ ಬಾಗಿಲಾ? ನಮ್ಮದೇನ ಅರಮನಿ?" ಎಂದವಳೇ ಪಕ್ಕದ ಮನೆಯ ಅನುರಾಧಾಳನ್ನು ಕರೆತಂದಳು. ಮರ ಅಳೆಯುವ ತರಬೇತಿಗೆ ಹೋಗಿ ಬಂದಿದ್ದ ಹುಡುಗಿ.

"ಕಾಕಾ, ಅಳತಿ ಮಾಡೀರೇನು?"

"ನನ್ನ ಬೆರಳು ಸುಳ್ಳ ಹೇಳೂದಿಲ್ಲ ಯವ್ವಾ."

"ಟಗರಿನ ವಿಷಯದಾಗ ಹೇಳೂದಿಲ್ರಿ. ಗಿಡಕ್ಕ ಕೊಬ್ಬೆಲ್ಲಿ ಇರತೈತಿ? ನಿಮ್ಮ ಉಣ್ಣಿ ನೂಲು ಕೊಡ್ರಿ."

ಎದೆಮಟ್ಟಕ್ಕೆ ಒಂದು ಮರದ ಬೊಡ್ಡೆಗೆ ಉಣ್ಣೆಯ ನೂಲು ಸುತ್ತಿಸಿದಳು. "ಜಗ್ಗಬ್ಯಾಡ್ರಿ, ಉಣ್ಣಿ ಹಿಗ್ಗತೈತಿ." ಸುತ್ತಿನಷ್ಟು ನೂಲನ್ನು ನಾಲ್ಕು ಮಡಿಕೆ ಮಾಡಿದಾಗ ಮುಕ್ಕಾಲು ಅಡಿ ಬಂತು.

"ಈಗ ಕುರಿ ಕಾಯೂ ಕೋಲ ಹಿಡೀರಿ. ಕಣ್ಣಿಂದ ಮುಷ್ಟಿಗೆ ಎಷ್ಟ ದೂರ ಐತಿ, ಮುಷ್ಟಿ ಮ್ಯಾಲ ಅಷ್ಟ ಕೋಲು ನೆಟ್ಟಗ ಇರಲಿ. ಹಿಂದಕ್ಕ ಸರೀರಿ. ಮುಷ್ಟಿ ಗಿಡದ ಬುಡಕ್ಕ, ಕೋಲಿನ ತುದಿ ಮೊದಲನೇ ಟೊಂಗಿಗೆ ಕೂಡಿದಲ್ಲಿ ನಿಂದರ್ರಿ."

ಹಿಂದೆ ಸರಿಯುತ್ತ ಅಮಸಿದ್ದಪ್ಪ ಕುರಿಯೊಂದರ ಮೇಲೆ ಕುಳಿತೇಬಿಟ್ಟ. ಕುರಿ ಅವನ ತೂಕ ಹೇಳಲಿಲ್ಲ, ಅಷ್ಟೇ. ಎದ್ದು, ಕೋಲು ಸರಿಯಾಗಿ ಕೂಡಿದಲ್ಲಿ ನಿಂತ. ಅಲ್ಲಿಂದ ಮರಕ್ಕೆ ಹದಿನಾರು ಅಡಿ. ಬೊಡ್ಡೆಯ ಎತ್ತರವೂ ಅಷ್ಟೇ.

"ಮುಕ್ಕಾಲು ಗುಣಿಸಲೇ ಮುಕ್ಕಾಲು, ಗುಣಿಸಲೇ ಹದಿನಾರು. ಒಂಬತ್ತು ಘನ ಅಡಿ," ಎಂದಳು ಅನುರಾಧಾ. "ಮ್ಯಾಲ ಹೋದಂಗ ಗಿಡ ಸಣ್ಣ ಆಗ್ತೈತಿ, ಸಿಪ್ಪಿ ಹೋಗ್ತೈತಿ. ಅರ್ಧಾ ಬಿಡ್ರಿ, ನಾಲ್ಕೂವರಿ ಉಳೀತು. ಬಾಗಿಲಕ್ಕ ಎಷ್ಟ ಬೇಕು?"

"ಚೌಕಟ್ಟು ಸಹಿತ ಐದಾರು ಅಂದಿದ್ದ ಬಡಿಗ್ಯಾ... ಅಂದ್ರ ಇಂಥಾವು ಎರಡು ಗಿಡ ಆದ್ರ ಆತು!"

"ಉಳಿದ ಹತ್ತು ಯಾರ ಮನಿಗೆ ಹೊಂಟಿದ್ದೂ?" ಎಂದಳು ಪದ್ಮವ್ವ. ಅಮಸಿದ್ದಪ್ಪ ತನ್ನ ಬೆರಳನ್ನೇ ನೋಡಿಕೊಂಡ.

ಮರುದಿನ ಶಂಕರೆಪ್ಪ ಗರಗಸ ತಂದ. ಅಮಸಿದ್ದಪ್ಪ ಅವನ ಹೊಟ್ಟೆಗೆ ನೂಲು ಸುತ್ತಿ, ನಾಲ್ಕು ಮಡಿಸಿದ.

"ಏನ ಮಾಡ್ತೀಯೋ ಮಾರಾಯಾ?"

"ಅಳತಿ. ನಿನ್ನ ಹೊಟ್ಟ್ಯಾಗೂ ಒಂದು ಬಾಗಿಲಾ ಆಗತೈತಿ ನೋಡು. ನಡಿ ಇನ್ನ."

ಅಣ್ಣಂದಿರೇ, ಅಕ್ಕಂದಿರೇ, ಮರ ಕೊಡುವ ಮೊದಲು ಒಂದೊಂದನ್ನೂ ಅಳೆಯಿರಿ. ಕಡಿಯಲು ಪರವಾನಗಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ. ಒಂದು ನೂಲು, ಒಂದು ಕೋಲು ನಿಮ್ಮ ಮನೆಯಲ್ಲೂ ಇವೆ. ಎರಡು ಮರ ಬಾಗಿಲಾಗಿವೆ; ಪದ್ಮವ್ವನ ಉಳಿದ ಹತ್ತು ಮರಗಳು ಬದುವಿನ ಮೇಲೆ ಇನ್ನೂ ದಪ್ಪಗಾಗುತ್ತಿವೆ.