ಊರುಗೋಲಿಲ್ಲದ ದೊರೆಮಗಳು

ಆರು ಪುಸ್ತಕಗಳ ಉದ್ದಕ್ಕೂ ಊರುಗೋಲು ಹಿಡಿದೇ ಬೆಂಕಿಯುಗುಳುವ ಹಾವುಗಳೊಡನೆ ಕಾದಾಡಿದ ದೊರೆಮಗಳಿಗೆ ಏಳನೆಯದರ ಕೊನೆಯ ಪುಟದಲ್ಲಿ ಕಾಲು ನೆಟ್ಟಗಾಯಿತು. ಲೇಖಕಿ ಅದನ್ನು ಬರೆದಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ.

ಕಂಡುಹಿಡಿದವಳು ಅವಳ ಅಕ್ಕ. ಪ್ರಕಾಶಕರ ಕಚೇರಿಯ ಉದ್ದ ಮೇಜಿನ ತುಂಬ ಖಾಲಿ ಹಾಳೆಗಳ ಕಟ್ಟುಗಳಿದ್ದವು. ಲೇಖಕಿ ಬಿಡಿ ಹಾಳೆಗಳಿಗೆ ಸಹಿ ಹಾಕಿಕೊಡಬೇಕು. ಬೈಂಡಿಂಗ್‌ನವರು ಒಂದೊಂದನ್ನು ಒಂದೊಂದು ಪ್ರತಿಯೊಳಗೆ ಸೇರಿಸಬೇಕು. ಲಕ್ಷಗಟ್ಟಲೆ ಹುಡುಗ ಹುಡುಗಿಯರು ಮುಗಿಬಿದ್ದು ಓದಿದ ಹಿಂದಿನ ಆರು ಪುಸ್ತಕಗಳಿಗೂ ಹಾಗೇ ನಡೆದಿತ್ತು. ಈ ಸಲ ಮುದ್ರಣಾಲಯದವರು ಹಾಳೆಗಳ ಜೊತೆ ಏಳನೆಯ ಪುಸ್ತಕದ ಒಂದು ಮಾದರಿ ಪ್ರತಿಯನ್ನೂ ಕಳಿಸಿಬಿಟ್ಟಿದ್ದರು. ತನ್ನ ಊರುಗೋಲನ್ನು ಕುರ್ಚಿಗೆ ಒರಗಿಸಿ ಅಕ್ಕ ಅದನ್ನು ಹಿಂದಿನಿಂದ ತೆರೆದಳು.

"ಕೊನೆ ಪುಟ ಮೊದಲು ಓದೋದು ಕಳ್ಳಬುದ್ಧಿ ಕಣೇ ಅಕ್ಕ," ಎಂದಳು ಲೇಖಕಿ, ತಲೆ ಎತ್ತದೆ. ಇನ್ನೂರು ಸಹಿ ಮುಗಿದಿತ್ತು.

ಅಕ್ಕ ನಗಲಿಲ್ಲ. "ಪುಟ್ಟಿ, ಇವಳು ಓಡ್ತಿದಾಳಲ್ಲೇ. ಕೋಲು ನದಿಗೆ ಎಸೆದಿದಾಳೆ."

ಲೇಖಕಿ ಕಿತ್ತುಕೊಂಡು ಓದಿದಳು. 'ಕೊನೆಗೂ ಅವಳು ಪೂರ್ಣಳಾದಳು' ಎಂದು ಮುಗಿದಿತ್ತು. ಅವಳ ಕಿವಿ ಕೆಂಪಾಯಿತು.

"ಓದೋರು ಮಕ್ಕಳಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಪ್ರಕಾಶಕರು. "ಇಷ್ಟು ವರ್ಷ ಕಾದ ಮೇಲೂ ಹುಡುಗಿ ಕುಂಟ್ತಾನೇ ಹೋದ್ರೆ ನೋವಾಗಲ್ವಾ? ಒಂದೇ ಪುಟ ತಾನೆ. ನಮ್ಮ ಸಂಪಾದಕರು ತಿದ್ದಿದಾರೆ."

"ನಂಗೆ ಕಾಗದ ಬರೆಯೋರಲ್ಲಿ ಗಾಲಿಕುರ್ಚಿ ಮಕ್ಕಳೆಷ್ಟಿದಾರೆ ಗೊತ್ತಾ ಸರ್? ಇದನ್ನ ಓದಿ ಅವರು ಏನನ್ನ ನದಿಗೆ ಎಸೀಬೇಕು?"

"ಸಹಿ ಇರೋ ಪ್ರತಿ ಅಂತ ಊರೆಲ್ಲ ಡಂಗುರ ಹೊಡೆದಿದೀವಿ. ಶುಕ್ರವಾರ ಹೊರಗೆ ಬರದೇ ಇದ್ರೆ ನಿನ್ನ ಮುಂದಿನ ಪುಸ್ತಕಕ್ಕೂ ಕಲ್ಲು ಬಿದ್ದ ಹಾಗೇ. ತಿಳ್ಕೋ." ಅವರು ಅಕ್ಕನ ಕಡೆ ತಿರುಗಿದರು. "ನೀವಾದ್ರೂ ಬುದ್ಧಿ ಹೇಳಿ. ಇದೇನು ನಿಮ್ಮ ಕಥೆ ಅಲ್ಲವಲ್ಲ."

"ನಂದೇ," ಅಂದಳು ಅಕ್ಕ. "ಮೊದಲನೇದು ಬರೆಯೋವಾಗ ಪುಟ್ಟಿ ನನ್ನ ನಡಿಗೆ ನೋಡ್ಕೊಂಡು ಹಿಂದೆ ಹಿಂದೇನೇ ಬರ್ತಿದ್ಲು. ಒದೀಬೇಕು ಅನ್ನಿಸ್ತಿತ್ತು, ಇದೇ ಕಾಲಲ್ಲಿ."

ಪ್ರಕಾಶಕರು ಹೊಸ ಕಟ್ಟು ಬಿಚ್ಚಿ ಲೇಖಕಿಯ ಮುಂದಿಟ್ಟರು. "ಸಹಿ ಹಾಕಮ್ಮ. ಮಿಕ್ಕಿದ್ದು ಆಮೇಲೆ."

ಅವಳು ಅದನ್ನು ಪಕ್ಕಕ್ಕೆ ತಳ್ಳಿ, ಆಗಲೇ ಸಹಿಯಾದ ಹಾಳೆಗಳನ್ನು ಎಳೆದುಕೊಂಡಳು. ಮೊದಲನೆಯದರ ಸಹಿಯ ಮೇಲೆ ಕಾಗದ ಹರಿಯುವಷ್ಟು ಒತ್ತಿ ಅಡ್ಡಗೆರೆ ಹಾಕಿದಳು. ಎರಡನೆಯದರ ಮೇಲೂ.

"ಏನ್ ಮಾಡ್ತಿದೀಯ? ನಿಲ್ಸು," ಎಂದರು ಪ್ರಕಾಶಕರು.

ಅವಳು ಮೂರನೆಯ ಹಾಳೆ ತೆಗೆದುಕೊಂಡಳು.