ಹೆಸರು ಬೇಡ, ಒಬ್ಬ ಸಹೋದರ

ಪರಮಾನಂದ ಪ್ರಾರ್ಥನೆಗೆ ಬಾಯಿ ತೆರೆದರೆ ಪೀಣ್ಯದ ಅಷ್ಟೂ ಪವರ್ ಪ್ರೆಸ್‌ಗಳು ನಾಚಿಕೊಂಡು ಸುಮ್ಮನಾಗುತ್ತಿದ್ದವು. ನಂಬಿಕೆ ಬರದಿದ್ದರೆ ಜಾಲಹಳ್ಳಿಯವರನ್ನು ಕೇಳಿ. ಅವನ ಒಂದೊಂದು 'ಆಮೆನ್' ಕೂಡ ಅಲ್ಲಿಗೆ ಮುಟ್ಟುತ್ತಿತ್ತು. ಬೀದರಿನ ಕಡೆಯಿಂದ ಬಂದು ನಂಜಪ್ಪನವರ ವರ್ಕ್‌ಶಾಪಿನಲ್ಲಿ ಪ್ರೆಸ್ ಆಪರೇಟರ್ ಆಗಿದ್ದವನು. ರಾಜಗೋಪಾಲನಗರದ ಅವನ ಬಾಡಿಗೆ ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಪ್ರಾರ್ಥನಾಕೂಟ. ಹತ್ತಡಿ ಕೋಣೆಯೊಳಗೆ ಅರ್ಧ ಕರ್ನಾಟಕ ಕೂರುತ್ತಿತ್ತು, ಇನ್ನರ್ಧದ ಚಪ್ಪಲಿಗಳು ಮೆಟ್ಟಿಲ ಮೇಲಿರುತ್ತಿದ್ದವು.

ಆ ಶನಿವಾರ ಸಂದೇಶ, ಅಂದರೆ ಪ್ರವಚನ, ಕೊಡುವ ಸರದಿ ಅವನದೇ. ವಿಷಯ ತಾಳ್ಮೆ. ತಾಳ್ಮೆಯ ಬಗ್ಗೆ ಮಾತಾಡುವ ಅವಸರ ಅವನಿಗೆ ಎಷ್ಟಿತ್ತೆಂದರೆ, ಮೊದಲ ಶಿಫ್ಟಿನ ಕೊನೆಗೆ ಅವನ ಕೈಗಳನ್ನು ನೋಡಿ ಮಿಂಚೇ ದಾರಿ ಬಿಡಬೇಕಿತ್ತು. ಎಣ್ಣೆ ಹಚ್ಚಿದ ತಗಡಿನ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆರಳಲ್ಲಿ ಉಜ್ಜಿ ಬಿಡಿಸಿ, ಒಂದೊಂದಾಗಿ ಡೈಯೊಳಗೆ, ಅಂದರೆ ಪ್ರೆಸ್ಸಿನ ಉಕ್ಕಿನ ಅಚ್ಚಿನೊಳಗೆ, ಇಡಬೇಕು. ಪರಮಾನಂದ ಉಜ್ಜಲಿಲ್ಲ. ಜೋಡಿ ತಗಡು ಒಳಗೆ ಹೋಯಿತು, ಪ್ರೆಸ್ ಮೇಲಿಂದ ಬಿತ್ತು, 'ಠಣ್' ಎಂದಿತು.

ಆ ಸದ್ದಿಗೆ ದೂರದ ಬೊಮ್ಮಸಂದ್ರದಲ್ಲೂ ಜನ ತಿರುಗಿ ನೋಡಿರಬೇಕು. ಆದರೆ ಪಕ್ಕದ ಮಷಿನ್ನಿನವನು ನೋಡಲಿಲ್ಲ. ಡೈಯ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪರಮಾನಂದ ಅದರ ಮೇಲೆ ಎಣ್ಣೆಬಟ್ಟೆ ಆಡಿಸಿ, ಗಡಿಯಾರ ನೋಡಿ, ಮನೆಗೆ ನಡೆದುಬಿಟ್ಟ.

ಎರಡನೇ ಶಿಫ್ಟಿಗೆ ಬಂದವನು ರಾಯಚೂರಿನ ಹನುಮೇಶ. ಅವನು ಮೊದಲ ಏಟು ಹಾಕುತ್ತಲೇ ಡೈ ಎರಡು ಹೋಳಾಯಿತು. ಸಂಜೆಯ ಹೊತ್ತಿಗೆ ಪರಮಾನಂದನ ನೋಕಿಯಾ ಕೂಗಿತು.

"ಅಣ್ಣಾ, ಡೈ ನನ್ ಕೈಯಾಗ ಒಡೀತು. ಸೋಮವಾರದಿಂದ ಬರಬ್ಯಾಡ ಅಂದ್ರು ನಂಜಪ್ಪಾರು. ಒಂದ ಏಟು ಹಾಕೀನಿ ನೋಡು, ಅಷ್ಟ!"

"ಹೌದಾ? ದೇವರು ನೋಡ್ಕೊಂತಾನ ತಗೋ," ಎಂದ ಪರಮಾನಂದ. ದೇವರು ಮಧ್ಯಾಹ್ನವೇ ಎಲ್ಲ ನೋಡಿಯಾಗಿತ್ತು.

ಕೂಟದವರು ಬಂದರು. ಸಂದೇಶಕ್ಕೆ ಮುಂಚೆ ಪ್ರಾರ್ಥನೆಯ ಕೋರಿಕೆಗಳು. ಅಲ್ಲೊಂದು ಪದ್ಧತಿಯಿತ್ತು: ತನ್ನ ವಿಷಯ ಹೇಳಿಕೊಳ್ಳಲು ನಾಚಿಕೆಯಾದರೆ, 'ಹೆಸರು ಬೇಡ, ಒಬ್ಬ ಸಹೋದರನಿಗೋಸ್ಕರ ಪ್ರಾರ್ಥಿಸಿ' ಅನ್ನಬಹುದು. ಆ ಸಹೋದರ ಹೇಳುವವನೇ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಂತೆ ಕಣ್ಣು ಮುಚ್ಚುವುದೇ ಮರ್ಯಾದೆ.

"ಹೆಸರು ಬ್ಯಾಡ್ರಿ, ಒಬ್ಬ ಸಹೋದರ," ಎಂದ ಪರಮಾನಂದ. ಸಿಂಹದ ಗಂಟಲಿನಿಂದ ಸೊಳ್ಳೆಯ ದನಿ ಬಂತು. "ಅವಸರದಾಗ ಡೈ ಸೀಳಿಸ್ಯಾನ. ತಪ್ಪು ಇನ್ನೊಬ್ಬನ ತಲಿಮ್ಯಾಲ ಬಂದದ. ಖರೇ ಹೇಳಿದ್ರ ಇವನ ಕೆಲಸ ಹೋಗ್ತದ."

ಟೀ ಲೋಟ ಜೋಡಿಸುತ್ತಿದ್ದ ಹೆಂಡತಿ ಶೈಲಾ ಕೈ ನಿಲ್ಲಿಸಿದಳು. ಎಲ್ಲರೂ ಕಣ್ಣು ಮುಚ್ಚಿದರು. ಹೂ ಮಾರುವ ಮುದುಕಿ ಚಿಕ್ಕಮುನಿಯಮ್ಮ ಪ್ರಾರ್ಥನೆ ಎತ್ತಿಕೊಂಡಳು.

"ಅಪ್ಪಾ, ತಂದೇ! ಆ ಸೋದರ ಯಾರೂಂತ ನಂಗೊತ್ತಿಲ್ಲ. ಅವ್ನ ಹೆಬ್ಬೆಟ್ಟಿನ ಉಗುರಲ್ಲಿ ಗ್ರೀಸು ಅಂಗೇ ಐತೆ. ಗಾಬ್ರೀಲಿ ಅಂಗಿ ಉಲ್ಟಾ ಆಕ್ಕಂಡು ಕುಂತವ್ನೆ. ಕೆಟ್ಟೋನಲ್ಲ ಕಣಪ್ಪ, ಬಾಯಿ ಜಾಸ್ತಿ ಅಷ್ಟೇಯ. ಅವ್ನಿಗೆ ದೈರ್ಯ ಕೊಡು. ಅವ್ನ ಎಂಡ್ರಿಗೂ ಕೊಡು, ಟೀ ಆರೋಯ್ತಾ ಐತೆ. ಆಮೆನ್."

ನಗು ತಡೆಯಲು ಅಷ್ಟೂ ಜನ ಪಟ್ಟ ಪಾಡಿಗೆ ಕಟ್ಟಡವೇ ಒಂದಿಂಚು ಅಲುಗಿತು. ಪರಮಾನಂದ ಮಾತ್ರ ನಗಲಿಲ್ಲ.

"ನಾನೇ ರೀ," ಎಂದ. "ಆ ಸಹೋದರ ನಾನೇ."

"ಅಯ್ಯೋ, ಔದಾ!" ಎಂದು ಚಿಕ್ಕಮುನಿಯಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು, ಭೂಮಿ ಹುಟ್ಟಿದಾಗಿನಿಂದ ಇಂಥ ಆಶ್ಚರ್ಯ ನಡೆದೇ ಇಲ್ಲವೇನೋ ಎಂಬಂತೆ.

ಮೂಲೆಯಿಂದ ಸೆಕ್ಯುರಿಟಿ ಗಾರ್ಡ್ ಕಾಡಪ್ಪ ಗೊಣಗಿದ: "ಹೋದ್ ತಿಂಗ್ಳು, ಡ್ಯೂಟೀಲಿ ನಿದ್ದೆ ಮಾಡೋ ಸಹೋದರ ಅಂದಿದ್ನಲ್ಲ? ಅದು ನಾನೇ ಕಣಣ್ಣ. ಎಲ್ರೂ ಪ್ರಾರ್ಥನೆ ಮಾಡಿದ್ರಿ, ನಾನು ಹೋಗಿ ಸೂಪರ್‌ವೈಸರ್ ಹತ್ರ ಒಪ್ಕೊಂಡೆ. ಬೈದ್ರು. ಸಾಯ್ಲಿಲ್ಲ ನೋಡು."

"ಗೊತ್ತಿತ್ತು ಬಿಡ್ಲಾ. ಪ್ರಾರ್ಥನೇಲೂ ಗೊರ್ಕೆ ಒಡೀತಿದ್ದೆ," ಎಂದಳು ಚಿಕ್ಕಮುನಿಯಮ್ಮ.

ಶೈಲಾ ಗಂಡನ ಮುಂದೆ ಟೀ ಇಟ್ಟಳು, ಪಕ್ಕದಲ್ಲೇ ಫೋನನ್ನೂ ಇಟ್ಟಳು. "ಕೆಲಸ ಹೋದ್ರ ಹೋಗ್ಲಿ. ನಾ ಗಾರ್ಮೆಂಟ್ಸ್‌ಗೆ ಹೋಗ್ತೀನಲ್ಲ. ಮದಲ ಹನುಮೇಶಗ ಹೇಳ್ರಿ."

ಅವನು ಹೇಳಿದ. ಆ ಕಡೆಯಿಂದ, "ನಾಳಿ ಮಾತಾಡ್ತೀನಿ. ಈಗ ಮಾತಾಡಿದ್ರ ಬೈತೀನಿ," ಎಂದು ಹನುಮೇಶ ಫೋನಿಟ್ಟ. ತಾಳ್ಮೆಯ ಸಂದೇಶವನ್ನು ಅಂದು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಪರಮಾನಂದನ ಹಿಂದೆ ವರ್ಕ್‌ಶಾಪಿನ ಗೇಟಿನವರೆಗೆ ಒಂದು ಮಹಾಸೈನ್ಯ ನಡೆಯಿತು: ಚಿಕ್ಕಮುನಿಯಮ್ಮ, ಅವಳ ಹೂಬುಟ್ಟಿ, ಆಕಳಿಸುತ್ತಿದ್ದ ಕಾಡಪ್ಪ.

"ಸಾರ್, ಶನಿವಾರ ಒಬ್ಬ ಆಪರೇಟರ್..." ಎಂದು ನಂಜಪ್ಪನವರ ಮುಂದೆ ಶುರುಮಾಡಿದವನು ಅಲ್ಲೇ ತಿದ್ದಿಕೊಂಡ. "ನಾನೇ ಸಾರ್. ಜೋಡಿ ತಗಡು ಹೊಡ್ದೆ. ಬಿರುಕು ನೋಡಿ ಮುಚ್ಚಿಟ್ಟೆ. ಹನುಮೇಶಂದು ತಪ್ಪಿಲ್ಲ."

ನಂಜಪ್ಪನವರು ಸುರಿಸಿದ ಬೈಗುಳಕ್ಕೆ ತುಮಕೂರು ರಸ್ತೆಯ ಲಾರಿಗಳು ವೈಪರ್ ಹಾಕಿಕೊಂಡವು. "ಅವತ್ತೇ ಬೊಗಳಿದ್ರೆ ಬಿರುಕಲ್ಲೇ ರಿಪೇರಿ ಆಗೋದಲ್ಲೋ!" ಎಂದು ಮೂರು ಸಲ ಕೂಗಿ ಕುರ್ಚಿಗೆ ಬಿದ್ದರು. ಕೊನೆಗೆ ಹೇಳಿದರು: "ಆ ಹನುಮೇಶನ್ನ ಕರ್ಸು, ಪ್ರೆಸ್ ಅವ್ನೇ ನೋಡ್ಕೊಳ್ಳಿ. ನೀನು ಮುಟ್ಟಂಗಿಲ್ಲ. ಹೊಸ ಡೈ ರೆಡಿ ಆಗೋಗಂಟ ಫಿಟ್ಟರ್ ಪಕ್ಕ ಅರ ಹಿಡ್ಕೊಂಡು ಉಜ್ಜು."

ಅರದಿಂದ ಡೈ ಉಜ್ಜುವುದೆಂದರೆ ಆನೆಯ ದಂತವನ್ನು ನವಿಲುಗರಿಯಲ್ಲಿ ಸವೆಸಿದಂತೆ. ಬೆಳಗಿನಿಂದ ಉಜ್ಜಿದರೂ ಉದುರುವುದು ಒಂದು ಚಿಟಿಕೆ ಪುಡಿ. ಅವಸರ ಮಾಡಿದರೆ ಅಂಚು ಕೆಡುತ್ತದೆ, ಮತ್ತೆ ಮೊದಲಿಂದ.

ಕೆಲಸಕ್ಕೆ ಮರಳಿಯೂ ಎರಡು ದಿನ ಮಾತು ಬಿಟ್ಟಿದ್ದ ಹನುಮೇಶ ಮೂರನೇ ದಿನ ರೊಟ್ಟಿಯ ಡಬ್ಬಿ ಹಿಡಿದು ಪಕ್ಕ ಬಂದು ಕೂತ. ಒಂದು ರೊಟ್ಟಿ ಈ ಕಡೆ ತಳ್ಳಿದ.

"ಅಣ್ಣಾ, ನಿಮ್ ಪ್ರಾರ್ಥನ್ಯಾಗ ಒಬ್ಬನ ಸಲುವಾಗಿ ಬೇಡ್ಕೊಳ್ರಿ. ನನ್ನ ದೋಸ್ತ ಅದಾನ. ತಮ್ಮನ ಕೂಡ ಜಗಳಾಡಿ ಮಾತು ಬಿಟ್ಟಾನ. ತಾನಾಗೇ ಫೋನ್ ಮಾಡಾಕ ಮನಸು ಬರವಲ್ದು."

ಪರಮಾನಂದನ ಬಾಯಿಯ ತುದಿಗೆ ಮೂರು ಸಂದೇಶ, ಐದು ಬುದ್ಧಿಮಾತು ನುಗ್ಗಿ ಬಂದವು. ಅವನು ಅವನ್ನೆಲ್ಲ ರೊಟ್ಟಿಯ ಜೊತೆ ನುಂಗಿ, ಅರ ಎತ್ತಿಕೊಂಡು ಮೆಲ್ಲಗೆ ಒಮ್ಮೆ ಎಳೆದ.

"ಹೆಸರು ಬ್ಯಾಡ," ಎಂದ. "ಮಾಡ್ತೀವಿ."