ಕೆಂಪು ರಿಬ್ಬನ್ನಿನ ವಾಕ್ಯ

ಫಾಂಗ್ ಯೂಛಿನ್ ಜಪ ಮಾಡುತ್ತಿದ್ದಾಳೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಯಂತ್ರದ ಮುಂದೆ ನಿಂತು ಸದಾ ತುಟಿ ಅಲ್ಲಾಡಿಸುತ್ತಿದ್ದಳು. ಮಂಗಳೂರು ಕಡೆಯ ಕಥೋಲಿಕ ಹೆಂಗಸಿಗೆ ಅಂಥ ತುಟಿ ಕಂಡರೆ ಬೇರೇನು ತೋಚೀತು? ಪಾಪ, ನಾಚಿಕೆಯವಳು, ಗುಟ್ಟಾಗಿ ಪ್ರಾರ್ಥಿಸುತ್ತಾಳೆ ಎಂದು ಕರಗಿಹೋಗಿ, ಭಾನುವಾರದ ಬಲಿಪೂಜೆಗೆ ಬಾ ಎಂದು ಕರೆದೆ. ಊರಿನಿಂದ ತಂದಿದ್ದ ಒಂದು ಜಪಸರವನ್ನೂ ಕೊಟ್ಟೆ. ಅವಳು ಅದನ್ನು ಕೊರಳಿಗೆ ಹಾಕಿಕೊಂಡು, ಚೆನ್ನಾಗಿದೆಯೇ ಎಂದು ಕೇಳಿದಳು. ಆಗ ನನಗೆ ಅನುಮಾನ ಬಂತು.

ಅವಳು ಕಟ್ಟುತ್ತಿದ್ದದ್ದು ವಾಕ್ಯಗಳನ್ನು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಬೇಸಿನ್ನುಗಳು ತಯಾರಾಗುತ್ತವೆ. ನಾನು ಜೆನೆವಿವ್, ಅಲ್ಲಿ ಕ್ವಾಲಿಟಿ ನೋಡುವವಳು. ಬಿರುಕು ಬಿಟ್ಟ ಬಕೆಟ್ಟನ್ನು ಹುಡುಕಿ, ಅದನ್ನು ಮಾಡಿದವರನ್ನು ಬೈಯುವುದು ನನ್ನ ಉದ್ಯೋಗ. ಬಾಯಿಯ ವಿಷಯದಲ್ಲಿ ದೇವರು ನನಗೇನೂ ಕಡಿಮೆ ಮಾಡಿಲ್ಲ. ಫಾಂಗ್ ಚೀನಾದಿಂದ ಯಂತ್ರಗಳ ಜೊತೆಗೇ ಬಂದವಳು. ಯಂತ್ರ ಮಾರಿದವರು ಅದನ್ನು ನಡೆಸಿ ರಿಪೇರಿ ಮಾಡಲು ಕಳಿಸಿದ ಕೆಲಸಗಾರ್ತಿ, ಕಾಂಪೌಂಡಿನೊಳಗಿನ ಕೋಣೆಯಲ್ಲೇ ವಾಸ. ಬೆಳಿಗ್ಗೆ ಗೇಟಿನಲ್ಲಿ ಎಲ್ಲರ ಫೋನನ್ನೂ ತೆಗೆದಿಟ್ಟುಕೊಳ್ಳುತ್ತಾರೆ, ಕಾಗದ ಹಿಡಿದು ಕೂರಲು ಪುರುಸೊತ್ತಿಲ್ಲ. ಹಾಗಾಗಿ ಅಚ್ಚು ಮುಚ್ಚಿ, ಒಳಗಿನ ಪ್ಲಾಸ್ಟಿಕ್ ತಣಿದು, ಮತ್ತೆ ತೆರೆಯುವಷ್ಟರಲ್ಲಿ ಅವಳು ಒಂದು ವಾಕ್ಯ ಕಟ್ಟಿ ಹಿಂದಿನವುಗಳ ಬಾಲಕ್ಕೆ ಸೇರಿಸುವಳು, ಮೊದಲಿನಿಂದ ಬಾಯಿಪಾಠ ಒಪ್ಪಿಸಿಕೊಳ್ಳುವಳು. ಪಾಳಿ ಮುಗಿದು ಫೋನು ಕೈಗೆ ಬಂದೊಡನೆ ಗೋಡೆಗೆ ಮುಖ ಮಾಡಿ ನಿಂತು ಅಷ್ಟನ್ನೂ ಅದಕ್ಕೆ ಹೇಳುವಳು. ಫೋನು ಅದನ್ನು ಅಕ್ಷರ ಮಾಡಿಕೊಳ್ಳುತ್ತಿತ್ತು.

ಅವಳ ಪೂರ್ವಾಪರವನ್ನು ನಾನು ತಿಳಿದದ್ದು ಅವಳ ಹರುಕು ಸ್ವಾಹಿಲಿ, ನನ್ನ ಮುರುಕು ಸ್ವಾಹಿಲಿ, ಎರಡೂ ಕೈಕೊಟ್ಟಾಗ ಫೋನಿನ ಅನುವಾದ, ಈ ಮೂರರ ಹಂಗಿನಲ್ಲಿ. ಹುನಾನ್ ಪ್ರಾಂತ್ಯದ ಹಳ್ಳಿಯವಳು. ಶಾಲೆ ಅರ್ಧಕ್ಕೆ ಬಿಟ್ಟು ದಕ್ಷಿಣದ ಆಟಿಕೆ ಕಾರ್ಖಾನೆಗೆ ಸೇರಿ ಗೊಂಬೆಗಳಿಗೆ ಕಣ್ಣು ಅಂಟಿಸುತ್ತಿದ್ದಳು. ಹಾಸ್ಟೆಲ್ಲಿನ ಹೊರಗೆ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿತ್ತು. ಓದುವಾಗ ಗೊತ್ತಿಲ್ಲದ ಅಕ್ಷರ ಬಂದರೆ ಅಂಗೈ ಮೇಲೆ ಬರೆದುಕೊಂಡು, ಮರುದಿನ ಊಟದ ಸಾಲಿನಲ್ಲಿ ನಿಂತವರಿಗೆಲ್ಲ ಕೈ ಚಾಚಿ ಕೇಳುತ್ತಿದ್ದಳಂತೆ. ಜನ ಭಿಕ್ಷೆ ಎಂದುಕೊಂಡು ಮುಖ ತಿರುಗಿಸುತ್ತಿದ್ದರಂತೆ. ಮದುವೆಯಾದ ಮೇಲೆ ಗಂಡ ಅವಳು ಬರೆದದ್ದನ್ನೆಲ್ಲ ಒಲೆಗೆ ಹಾಕಿದ. ಅವಳು ಗಂಡನನ್ನು ಬಿಟ್ಟಳು, ಬರೆಯುವುದನ್ನು ಬಿಡಲಿಲ್ಲ. ಪತ್ರಿಕೆಗಳಿಗೆ ಕಳಿಸಿದ ಯಾವುದಕ್ಕೂ ಉತ್ತರ ಬರುತ್ತಿರಲಿಲ್ಲ. ಇಷ್ಟು ಸಾಲದೇ, ಇನ್ನೂ ಯಾಕೆ ಒದ್ದಾಡುತ್ತಿ ಎಂದು ನಾನು ಕೇಳಿಯೇ ಬಿಟ್ಟೆ.

“ದಾದಾ ಜೆನಿ, ಯಂತ್ರದ ಮುಂದೆ ನನ್ನ ಬದಲು ಯಾರು ನಿಂತರೂ ಬಕೆಟ್ ಬರುತ್ತದೆ,” ಎಂದಳು. ಸ್ವಾಹಿಲಿಯಲ್ಲಿ ದಾದಾ ಎಂದರೆ ಅಕ್ಕ, ಮಾಮಾ ಎಂದರೆ ಅಮ್ಮ. ಮೊದಮೊದಲು ನನಗೆ ದಾದಾ ಎಂಬುದು ರೌಡಿಯ ಹೆಸರಿನಂತೆ ಕೇಳಿಸುತ್ತಿತ್ತು. “ನಾನು ಬರೆದದ್ದನ್ನು ನಾನಲ್ಲದೆ ಬೇರೆ ಯಾರೂ ಬರೆಯಲಾರರು. ಅದೊಂದೇ ನನಗಿರುವುದು.”

ಇಲ್ಲಿ ಜನವರಿಯಲ್ಲಿ ಶಾಲೆ ತೆರೆಯುತ್ತದೆ. ಬೋರ್ಡಿಂಗ್ ಶಾಲೆಗೆ ಹೋಗುವ ಪ್ರತಿ ಮಗುವೂ ಒಂದು ಬಕೆಟ್ಟು, ಒಂದು ಬೇಸಿನ್ನು ಹೊತ್ತೇ ಹೋಗಬೇಕು. ಹಾಗಾಗಿ ಡಿಸೆಂಬರ್ ಎಂದರೆ ನಮ್ಮಲ್ಲಿ ಉಸಿರಾಡಲು ಬಿಡುವಿಲ್ಲ. ಯಂತ್ರಕ್ಕೊಂದು ಜಾರುವ ಬಾಗಿಲಿದೆ. ಬಾಗಿಲು ತೆರೆದಿದ್ದರೆ ಅಚ್ಚು ಮುಚ್ಚದಂತೆ ತಡೆಯುವ ಸ್ವಿಚ್ಚೂ ಇದೆ. ಆ ಸ್ವಿಚ್ಚನ್ನು ರಬ್ಬರ್ ಪಟ್ಟಿಯಿಂದ ಬಿಗಿದುಬಿಟ್ಟರೆ ಬಾಗಿಲು ತೆರೆದೇ ಇದ್ದರೂ ಯಂತ್ರ ಓಡುತ್ತದೆ, ಹೆಚ್ಚು ಬೇಸಿನ್ನುಗಳು ಬೀಳುತ್ತವೆ. ಪ್ರೊಡಕ್ಷನ್ ಮ್ಯಾನೇಜರ್ ಬಿಗಿ ಎಂದರು, ಫಾಂಗ್ ಬಿಗಿದಳು. ಮರುದಿನ ಆ ಯಂತ್ರದಲ್ಲಿದ್ದ ಮ್ವೆಂಡೆ ಎಂಬ ಹುಡುಗಿ, ಈಗಷ್ಟೇ ನಡೆಯಲು ಕಲಿತ ಮಗುವಿನ ತಾಯಿ, ಅಂಟಿಕೊಂಡ ಬೇಸಿನ್ನನ್ನು ಎಳೆಯಲು ಕೈ ಹಾಕಿದಳು. ಅಚ್ಚು ಮುಚ್ಚಿತು. ಆ ಕೂಗನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಲಗೈ ಮಣಿಕಟ್ಟಿನಿಂದ ಕೆಳಗೆ ಹೋಯಿತು.

ಬೇಕೆಂದೇ ಸುರಕ್ಷತೆ ಕಳಚಿ ಗಾಯ ಮಾಡಿಕೊಂಡವರಿಗೆ ಪರಿಹಾರವಿಲ್ಲ ಎಂಬುದು ಕಾರ್ಖಾನೆಯವರ ವಾದ. ಆದ್ದರಿಂದ ರಬ್ಬರ್ ಬಿಗಿದವರು ಯಾರು ಎಂಬುದೇ ಪ್ರಶ್ನೆಯಾಯಿತು. ಪಟ್ಟಿ ಅದೇ ಸಂಜೆ ಮಾಯವಾಗಿತ್ತು. ಮ್ಯಾನೇಜರ್ ತನಗೆ ಗೊತ್ತಿಲ್ಲ ಎಂದರು, ಫಾಂಗ್ ತನಗೆ ಭಾಷೆ ಬರುವುದಿಲ್ಲ ಎಂದಳು. ಅವಳ ತುಟಿಗಳು ಅಲುಗುವುದು ನಿಂತಿತ್ತು. ಗೊತ್ತಿದ್ದೂ ಬಾಯಿಬಿಡದವಳು ಎಂದು ನನಗೆ ಅವಳ ಮೇಲೆ ಸಿಟ್ಟಿತ್ತು. ಆ ಮುಖ ನೋಡಿದರೆ ಸಿಟ್ಟು ಮಾಡಲೂ ಮನಸ್ಸು ಬರುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಎಲ್ಲರಿಗೂ ಮಂದಾಜಿ ಹಂಚಿದಳು. ಮಂದಾಜಿ ಎಂದರೆ ನಮ್ಮ ಬನ್ಸಿನ ದೂರದ ನೆಂಟ. ಏನು ವಿಶೇಷ ಎಂದರೆ, ಅವಳ ಬರಹ ಅಚ್ಚಾಗಿತ್ತು. ಕಾರ್ಮಿಕರ ನಿಜಜೀವನದ ಬರಹಗಳನ್ನು ಮಾತ್ರ ಹಾಕುವ ಒಂದು ಪತ್ರಿಕೆಯಲ್ಲಿ, ಪೂರ್ತಿ ಹೆಸರಿನೊಂದಿಗೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಅವಳು ಆ ಲಿಂಕನ್ನು ಕಾರ್ಖಾನೆಯ ವಾಟ್ಸಾಪ್ ಗುಂಪಿಗೂ ಕಳಿಸಿದಳು. ಚೀನೀ ಲಿಪಿ ನೋಡಿ ಎಲ್ಲರೂ ಹೆಬ್ಬೆರಳು ಎತ್ತಿದರು. ನಾನೂ ಒಂದು ಕೆಂಪು ಹೃದಯ ಒತ್ತಿ ಮನೆಗೆ ಹೊರಟೆ.

ಕೂತು ಓದಿದವರು ಒಬ್ಬರೇ. ಆಡಳಿತ ನೋಡಿಕೊಳ್ಳುವ ಗೋಪಾಲ್, ಬೆಂಗಳೂರಿನವರು. ಫೋನಿನಲ್ಲಿ ಇಂಗ್ಲಿಷಿಗೆ ಇಳಿಸಿ, ಪ್ರಿಂಟ್ ತೆಗೆದು, ನನ್ನನ್ನು ಕರೆಸಿದರು. ಬರೆದವಳು ನಮ್ಮ ಫಾಂಗೇ ಎಂದು ನಾನು ಮ್ವೆಂಡೆಯ ಪರಿಹಾರದ ವಿಚಾರಣೆಯಲ್ಲಿ ಗುರುತು ಹೇಳಬೇಕಂತೆ. ಹಾಳೆಯ ಮಧ್ಯೆ ಒಂದು ಸಾಲಿಗೆ ಹಳದಿ ಬಳಿದಿದ್ದರು. ‘ಗುರಿ ಮುಟ್ಟಿ ಬೇಗ ಮಗುವಿನ ಬಳಿ ಹೋಗಬೇಕೆಂದು ಹುಡುಗಿ ತನ್ನ ಕೂದಲಿನ ಕೆಂಪು ರಿಬ್ಬನ್ ಬಿಚ್ಚಿ, ಮಲಗಲೊಲ್ಲದ ಮಗುವಿನ ಕಣ್ಣು ಮುಚ್ಚುವಂತೆ, ಬಾಗಿಲಿನ ಸ್ವಿಚ್ಚನ್ನು ಕಟ್ಟಿ ಮುಚ್ಚಿದಳು.’

“ನಾವೇನೂ ಹೇಳ್ತಿಲ್ಲ ಜೆನಿ ಮೇಡಮ್. ಟೆಕ್ನಿಷಿಯನ್ನೇ ಬರೆದು ಪಬ್ಲಿಷ್ ಮಾಡಿದ್ದಾಳೆ. ಟ್ರೂ ಸ್ಟೋರಿ ಅಂತ ಮೇಲೇನೇ ಹಾಕಿದ್ದಾರೆ. ಲಾಯರ್‌ಗೆ ಇಷ್ಟು ಸಾಕು,” ಎಂದರು ಗೋಪಾಲ್.

ಮ್ವೆಂಡೆ ತಲೆಗೂದಲನ್ನು ಬೋಳಿಸಿದಂತೆ ಕತ್ತರಿಸಿಕೊಳ್ಳುವವಳು. ನನಗೆ ಮೈಯೆಲ್ಲ ಉರಿಯಿತು. “ಅವಳ ತಲೆ ನೋಡಿದ್ದೀರಾ ನೀವು? ರಿಬ್ಬನ್ ಕಟ್ಲಿಕ್ಕೆ ಎಂತ ಉಂಟು ಅದರಲ್ಲಿ?”

“ವಿಗ್ ಹಾಕಿದ್ಲೇನೋ ಅವತ್ತು. ಯಾರಿಗೆ ನೆನಪಿರತ್ತೆ?”

ನಾನು ಹಾಳೆಯನ್ನು ಕಿತ್ತುಕೊಂಡು ಫಾಂಗ್‌ಳ ಕೋಣೆಗೆ ನಡೆದೆ. ಅವಳು ಹಳದಿ ಸಾಲನ್ನು ನೋಡಿದಳು. ಇಂಗ್ಲಿಷ್ ಓದಲು ಬಾರದಿದ್ದರೂ ಅದು ಯಾವ ಸಾಲು ಎಂದು ಗೊತ್ತಾಯಿತು. ಅದನ್ನು ಎಲ್ಲಿಗೆ ಒಯ್ಯುತ್ತಾರೆ, ಏನಕ್ಕೆ ಬಳಸುತ್ತಾರೆ ಎಂದು ನಾನು ವಿವರಿಸಿದಾಗ ಮಂಚದ ಮೇಲೆ ಕೂತಳು. ನಂತರ ಫೋನು ತೆಗೆದು ತನ್ನ ಭಾಷೆಯಲ್ಲಿ ಬಹಳ ಹೊತ್ತು ಹೇಳಿದಳು; ಫೋನು ಅದನ್ನು ತನ್ನ ಭಾವವಿಲ್ಲದ ದನಿಯಲ್ಲಿ ನನಗೆ ಹೇಳಿತು. ‘ನಾನು ಕಟ್ಟಿದೆ’ ಎಂಬಲ್ಲಿಗೆ ಬಂದಾಗಲೆಲ್ಲ ಬರಹ ನಿಂತುಬಿಡುತ್ತಿತ್ತಂತೆ. ಎಷ್ಟು ದಿನ ತಿಣುಕಿದರೂ ಆ ಮಾತನ್ನು ದಾಟಲಾಗಲಿಲ್ಲ. ಒಂದು ದಿನ ರಿಬ್ಬನ್ ಬಂತು, ಮುಂದಿನದೆಲ್ಲ ತಾನಾಗಿ ಹರಿಯಿತು. ಮ್ವೆಂಡೆಗೆ ಚೀನೀ ಭಾಷೆ ಬರುವುದಿಲ್ಲ, ಎಂದೂ ಓದುವುದಿಲ್ಲ, ಅವಳಿಗೇನು ನಷ್ಟ ಎಂದುಕೊಂಡಳು.

ಸುಳ್ಳೆಂದು ಹೇಳಿಬಿಡು ಎಂದೆ. ಹೇಳಿದರೆ ಈ ಕೆಲಸ ಹೋಗುತ್ತದೆ, ಅದಕ್ಕೆ ಅವಳು ಹೆದರಲಿಲ್ಲ. ಆದರೆ ಆ ಪತ್ರಿಕೆಯಲ್ಲಿ ನಿಜ ಬರೆದವರಿಗಷ್ಟೇ ಜಾಗ. ಸುಳ್ಳು ಬೆರೆಸಿದವಳು ಎಂದು ಒಮ್ಮೆ ಗೊತ್ತಾದರೆ ಬರಹ ತೆಗೆಯುತ್ತಾರೆ, ಅಂಥ ಪತ್ರಿಕೆಗಳ ಯಾವ ಸಂಪಾದಕನೂ ಅವಳ ಹೆಸರನ್ನು ಮತ್ತೆ ಮುಟ್ಟುವುದಿಲ್ಲ.

“ಇಡೀ ಜನ್ಮದಲ್ಲಿ ನನ್ನ ಹೆಸರು ಅಚ್ಚಾದದ್ದು ಇದೊಂದೇ ಸಲ, ದಾದಾ. ಇದನ್ನು ಕೇಳಬೇಡ. ಬೇರೆ ಏನು ಬೇಕಾದರೂ ಕೇಳು,” ಎಂದಳು.

ನಾನು ಕೇಳದೆ ಬಿಡಲಿಲ್ಲ. ನಿನ್ನ ಹೆಸರು ದೊಡ್ಡದೋ ಅವಳ ಕೈ ದೊಡ್ಡದೋ ಎಂದು ಬಾಯಿಗೆ ಬಂದಂತೆ ಬೈದೆ. ಅನುವಾದ ಮಾಡಲು ಫೋನಿಗೂ ಸಂಕೋಚವಾಗಿರಬೇಕು, ಅರ್ಧಕ್ಕೇ ಸುಮ್ಮನಾಯಿತು. ಲೊರೆಶೋದ ಮನೆಗೆ ಬಂದು ಗಂಡ ಎಡ್ಮಂಡ್‌ನ ಎದುರು ಅದನ್ನೆಲ್ಲ ಕೊಂಕಣಿಯಲ್ಲಿ ಮತ್ತೊಮ್ಮೆ ಕಾರಿದೆ. ಅವನು ತಣ್ಣಗೆ ಕೇಳಿ, ನಿನಗೇನು, ನೀನು ಬಿಟ್ಟುಕೊಡಬೇಕಾದದ್ದು ಏನೂ ಇಲ್ಲವಲ್ಲ ಎಂದ. ಮರುದಿನದಿಂದ ಫಾಂಗ್ ಊಟ ಬಿಟ್ಟಳು. ಕ್ಯಾಂಟೀನಿನಲ್ಲಿ ತಟ್ಟೆಯ ಮುಂದೆ ಕೂರುವಳು, ಮೆಕ್ಕೆಜೋಳದ ಮುದ್ದೆ ಉಗಾಲಿ ಒಣಗುವವರೆಗೆ ನೋಡುವಳು, ಎದ್ದು ಹೋಗುವಳು. ಅವಳನ್ನು ಕಂಡರೆ ನನಗೆ ಅಳು ಬರುತ್ತಿತ್ತು, ಮ್ವೆಂಡೆಯನ್ನು ನೆನೆದರೆ ಫಾಂಗ್‌ಳ ಕೆನ್ನೆಗೆ ಬಾರಿಸಬೇಕೆನಿಸುತ್ತಿತ್ತು.

ವಿಚಾರಣೆ ಅಪ್ಪರ್ ಹಿಲ್‌ನ ಒಂದು ಸರಕಾರಿ ಕಚೇರಿಯಲ್ಲಿ, ಬೆಳಿಗ್ಗೆ. ಮೇಜಿನ ಆಚೆ ಅಧಿಕಾರಿ, ಈಚೆ ಒಂದು ಬದಿಗೆ ನಮ್ಮ ಲಾಯರ್, ಗೋಪಾಲ್, ಪ್ರೊಡಕ್ಷನ್ ಮ್ಯಾನೇಜರ್. ಇನ್ನೊಂದು ಬದಿಗೆ ಮ್ವೆಂಡೆ ಮತ್ತು ಅವಳ ತಾಯಿ. ಬರೆದವಳು ಫಾಂಗೇ ಎಂದು ನಾನು ಒಪ್ಪಿಕೊಂಡೆ, ಬರೆದದ್ದು ಸುಳ್ಳು ಎಂದೂ ಸೇರಿಸಿದೆ. ನೀವು ಆಗ ಆ ಯಂತ್ರದ ಹತ್ತಿರ ಇದ್ದಿರಾ ಎಂದು ಲಾಯರ್ ಕೇಳಿದರು. ಇರಲಿಲ್ಲ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅವರು ಹಳದಿ ಸಾಲನ್ನು ಮ್ವೆಂಡೆಗೆ ಅರ್ಥವಾಗಲೆಂದು ಸ್ವಾಹಿಲಿಯಲ್ಲಿ ಓದಿದರು. ಸ್ವಾಹಿಲಿಯಲ್ಲೂ ಅದು ಚೆನ್ನಾಗಿಯೇ ಇತ್ತು, ಹಾಳಾಗಿ ಹೋಗಲಿ.

ಮ್ವೆಂಡೆ ಸಿಟ್ಟಾಗಲಿಲ್ಲ. ಎಡಗೈಯನ್ನು ಮೆಲ್ಲಗೆ ತಲೆಯ ಮೇಲಿಟ್ಟು, ಹಿಂದಕ್ಕೂ ಮುಂದಕ್ಕೂ ಸವರಿಕೊಂಡು, ಕೋಣೆಯ ಹಿಂಬದಿಯಲ್ಲಿ ಕೂತಿದ್ದ ಫಾಂಗ್‌ಳತ್ತ ತಿರುಗಿದಳು. “ಮಾಮಾ ಫಾಂಗ್, ನನಗೆ ಯಾರೂ ಯಾವತ್ತೂ ರಿಬ್ಬನ್ ಕೊಡಿಸಿದ್ದಿಲ್ಲ,” ಎಂದಳು. ಅದರಲ್ಲಿ ಆರೋಪವೇ ಇರಲಿಲ್ಲ. ಇಷ್ಟು ಚೆಂದದ ವಸ್ತು ತನ್ನ ಹತ್ತಿರ ಎಲ್ಲಿಂದ ಬಂತು ಎಂದು ಕೇಳಿದ ಹಾಗಿತ್ತು.

ಫಾಂಗ್ ಎದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು, ಬೀಳುತ್ತಾಳೆಂದು ನಾನು ಓಡಿದೆ. ಫೋನು ತೆಗೆಯಲಿಲ್ಲ. “ಮೀಮಿ ನಿಲಿಫುಂಗಾ,” ಎಂದಳು. ಕಟ್ಟಿದವಳು ನಾನು. ಬಿಗಿ ಎಂದವರು ಇವರು ಎಂದು ಮ್ಯಾನೇಜರನ್ನು ತೋರಿಸಿದಳು. ರಿಬ್ಬನ್ ಸುಳ್ಳು ಎಂದಳು. ಅಧಿಕಾರಿ ಬರೆದುಕೊಳ್ಳಲು ನಿಧಾನಿಸಿದ್ದರಿಂದ ಅವಳು ಅಷ್ಟನ್ನೂ ಇನ್ನೊಮ್ಮೆ ಹೇಳಬೇಕಾಯಿತು. ಎರಡನೇ ಸಲ ಅವಳ ದನಿ ಸ್ಪಷ್ಟವಾಗಿತ್ತು.

ಮ್ವೆಂಡೆಗೆ ಪರಿಹಾರ ಕೊಡಬೇಕೆಂದು ಆಯಿತು. ಹೊರಗೆ ಅವಳ ತಾಯಿ ನನಗೆ ಅಸಾಂಟೆ, ಅಸಾಂಟೆ ಎಂದು ಕೈ ಮುಗಿದಳು. ಮ್ವೆಂಡೆ ಮಾತ್ರ ಫಾಂಗ್‌ಳ ಮುಂದಿನಿಂದಲೇ ಮುಖ ನೋಡದೆ ಹಾದುಹೋಗಿ ಮಟಾಟು ವ್ಯಾನು ಹತ್ತಿದಳು. ಅದು ಅವಳ ಹಕ್ಕು. ನಾನಾದರೆ ಉಗಿದೇ ಹೋಗುತ್ತಿದ್ದೆ.

ಫಾಂಗ್‌ಳ ಒಪ್ಪಂದ ರದ್ದಾಯಿತು, ಊರಿಗೆ ಟಿಕೆಟ್ ಬಂತು. ಪತ್ರಿಕೆಗೆ ಯಾರೂ ದೂರು ಕೊಟ್ಟಿರಲಿಲ್ಲ, ಅವಳೇ ಬರೆದು ತಿಳಿಸಿದ್ದಳು. ಹೊರಡುವ ದಿನ ನಾನು ಕೋಣೆಗೆ ಹೋದಾಗ ಅವರ ಉತ್ತರ ಬಂದಿತ್ತು. ಬರಹವನ್ನು ತೆಗೆದುಹಾಕಲಾಗಿದೆ, ಇನ್ನು ಮುಂದೆ ದಯವಿಟ್ಟು ಏನನ್ನೂ ಕಳಿಸಬೇಡಿ. ಅವಳು ಅಳುತ್ತಿರಲಿಲ್ಲ. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಆದರೂ ಮತ್ತೆ ಬರೆಯುತ್ತಿ ಮಾರಾಯ್ತಿ, ಒಂದು ಸಾಲು ಸುಳ್ಳಾದರೇನು, ಉಳಿದದ್ದೆಲ್ಲ ನೀನು ಕಂಡುಂಡದ್ದೇ ಅಲ್ಲವೇ ಎಂದು ಏನೇನೋ ಒದರಿದೆ.

ಅವಳು ಫೋನಿನಲ್ಲಿ ಹಳೆಯದೊಂದು ಸಂದೇಶ ಹುಡುಕಿ, ಅನುವಾದದ ಗುಂಡಿ ಒತ್ತಿ ನನ್ನ ಮುಂದೆ ಹಿಡಿದಳು. ಬರಹವನ್ನು ಆರಿಸಿದಾಗ ಸಂಪಾದಕ ಕಳಿಸಿದ್ದ ಮೆಚ್ಚುಗೆ. ರಿಬ್ಬನ್ನಿನ ವಾಕ್ಯ ಓದಿದಾಗ ನೀವು ಬರಹಗಾರ್ತಿ ಎಂದು ನನಗೆ ತಿಳಿಯಿತು ಎಂದು ಅದರಲ್ಲಿತ್ತು.

“ಉಳಿದದ್ದೆಲ್ಲ ನಿಜ, ದಾದಾ,” ಎಂದಳು ಫಾಂಗ್. “ಅದರ ಬಗ್ಗೆ ಅವರು ಒಂದು ಮಾತೂ ಬರೆದಿಲ್ಲ.”